ತೇಪೆಯಕ್ಕ ಮತ್ತು ನಾಲ್ಕು ಗಂಟೆಯ ಬಸ್ಸು

ತೇಪೆಯಕ್ಕ ಹೋದ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಅರವತ್ತೆಂಟು ವರ್ಷವಾಗಿತ್ತು. ಎರಡು ವರ್ಷದಿಂದ ಹೃದಯ ಸೋತಿತ್ತು. ನಮಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಒಂಬತ್ತೂವರೆಗೆ ಅವಳ ತಂಗಿಯ ಮಗಳು ಫೋನ್ ಮಾಡಿ, "ಆಂಟಿ, ದೊಡ್ಡಮ್ಮ ಹೋಗ್ಬಿಟ್ರು" ಅಂದಳು. "ಆ ಊದಿದ ಕಾಲು ಇಟ್ಕೊಂಡು ಎಲ್ಲಿಗೆ ಹೋದ್ಳು?" ಎಂದು ಕೇಳಿದೆ. ಆ ಹುಡುಗಿ ಪಾಪ, ಇನ್ನೊಂದು ಸಲ ಅದನ್ನೇ ಹೇಳಿದಳು.

ಗುರುವಾರ ಮಣ್ಣು ಮಾಡುವಾಗ ಪಾಸ್ಟರ್, ಈ ಸಹೋದರಿ ಒಂಬತ್ತು ಸಲ ಪರದೇಶಕ್ಕೆ ಹೋಗಿ ಅನಾಥ ಮಕ್ಕಳ ಸೇವೆ ಮಾಡಿದರು ಎಂದರು. ಸುಳ್ಳಲ್ಲ. ಆದರೆ ಅವಳು ಎದುರಿಗಿದ್ದಿದ್ದರೆ, "ಒಂದು ಸಲ ಸೇವೆಗೆ ಹೋಗಿದ್ದೆ, ಎಂಟು ಸಲ ಅದನ್ನ ರಿಪೇರಿ ಮಾಡೋಕೆ ಹೋಗಿದ್ದೆ" ಅನ್ನುತ್ತಿದ್ದಳು. ಅದನ್ನೇ ಬರೆದಿಡೋಣ ಎಂದು ಕೂತಿದ್ದೇನೆ.

ಅವಳು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ನೆಲಮಾಳಿಗೆಯ ಕೋಣೆ. ಒಂದು ಗೋಡೆಯುದ್ದಕ್ಕೂ ಮರದ ಕಪಾಟು, ನಡುವೆ ಮೇಜು, ಮೇಜಿನ ಮೇಲೆ ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರ. ಹರಿದ ಬೆಡ್‌ಶೀಟು, ಗುಂಡಿ ಕಿತ್ತ ಗೌನು, ಸವೆದ ದಿಂಬಿನ ಚೀಲ ಎಲ್ಲ ಅವಳ ಕೈಗೆ ಬರುತ್ತಿದ್ದವು. ಯಾವುದನ್ನೂ ಎಸೆಯಲು ಬಿಡುತ್ತಿರಲಿಲ್ಲವಾದ್ದರಿಂದ ನರ್ಸುಗಳು ಅವಳಿಗೆ ತೇಪೆಯಕ್ಕ ಎಂದು ಹೆಸರಿಟ್ಟರು. ಹೆಸರು ಆಸ್ಪತ್ರೆಯಿಂದ ನಮ್ಮ ಬೀದಿಗೂ ಬೀದಿಯಿಂದ ಚರ್ಚಿನ ಸಭೆಗೂ ಬಂತು. ಗಂಡ ಚಿಕ್ಕ ವಯಸ್ಸಿನಲ್ಲೇ ಹೋಗಿದ್ದ, ಮಕ್ಕಳಿರಲಿಲ್ಲ. ತಂಗಿಯ ಮಗಳನ್ನು ಸಾಕಿಕೊಂಡಿದ್ದಳು.

ಹನ್ನೊಂದು ವರ್ಷದ ಹಿಂದೆ ಸಭೆಯಿಂದ ಒಂದು ತಂಡ ಹೊರಟಿತು. ಬೇರೆ ದೇಶದ ಒಂದು ಅನಾಥಾಲಯದಲ್ಲಿ ಎರಡು ವಾರ ಸೇವೆ. ಆಗ ಟೀಚರ್ ಕೆಲಸದಲ್ಲಿದ್ದ ನಾನು ಹೆಸರು ಕೊಟ್ಟಿದ್ದೆ. ಒಬ್ಬರು ಕಡಿಮೆ ಇದ್ದರು, ಅವಳನ್ನೂ ಎಳೆದೆ.

"ನಾನು ಬಂದು ಏನ್ ಮಾಡ್ಲೇ? ಹಾಡೋಕೆ ಬರಲ್ಲ, ಬೊಂಬೆ ಆಡ್ಸೋಕೆ ಬರಲ್ಲ."

"ಮಕ್ಕಳ ಜೊತೆ ಕೂತ್ಕೋ, ಸಾಕು."

"ಟೀಚರಮ್ಮ, ಕೂತ್ಕೊಳ್ಳೋಕೆ ವಿಮಾನ ಹತ್ತಬೇಕಾ?"

ಆದರೂ ಬಂದಳು. ಹದಿನಾಲ್ಕು ಜನ, ಎಲ್ಲರಿಗೂ ಹಳದಿ ಅಂಗಿ, ಎದೆಯ ಮೇಲೆ ಸಭೆಯ ಹೆಸರು. ಅಂಗಿ ಹಾಕಿಕೊಂಡು ಕನ್ನಡಿ ನೋಡಿ, "ಒಳ್ಳೇದಾಯ್ತು, ಕಳೆದುಹೋದ್ರೆ ಆಕಾಶದಿಂದ್ಲೂ ಕಾಣ್ತೀವಿ" ಅಂದಳು.

ಅನಾಥಾಲಯ ಉದ್ದನೆಯ ಎರಡು ಮಹಡಿಯ ಕಟ್ಟಡ. ನಲವತ್ತಾರು ಮಕ್ಕಳು. ಮೆಟ್ಟಿಲಿನ ಕೆಳಗೆ ಬಟ್ಟೆ ಕೋಣೆ. ಎರಡು ಹಳೆಯ ವಾಷಿಂಗ್ ಮಷೀನು, ಬಿಸಿಗಾಳಿಯಲ್ಲಿ ಒಣಗಿಸುವ ಒಂದು ದೊಡ್ಡ ಡ್ರಮ್ಮು, ಗೋಡೆಗೆ ಏಳು ಅಡ್ಡ ಹಲಗೆ. ಅಷ್ಟನ್ನೂ ನೋಡಿಕೊಳ್ಳುತ್ತಿದ್ದವಳು ಒಬ್ಬಳೇ ಹೆಂಗಸು, ನಮ್ಮದೇ ವಯಸ್ಸಿನವಳು, ಮೊಣಕೈವರೆಗೂ ಕೆಂಪಾದ ಕೈ. ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ತೇಪೆಯಕ್ಕ ಅವಳನ್ನು ಸೋಪಮ್ಮ ಎಂದು ಕರೆದಳು, ಅದೇ ಉಳಿಯಿತು. ಅವರ ಭಾಷೆ ನಮಗೆ ಬಾರದು. ಕಚೇರಿಯ ಗುಮಾಸ್ತನಿಗೂ ನನಗೂ ಬರುವ ಭಾಷೆ ಒಂದಿತ್ತು. ಮಾತೆಲ್ಲ ಅವನಿಂದ ನನಗೆ, ನನ್ನಿಂದ ಅವಳಿಗೆ, ಸುತ್ತಿ ಬಳಸಿ ಹೋಗುತ್ತಿತ್ತು.

ಅಲ್ಲಿಯ ಪದ್ಧತಿ ಹೀಗಿತ್ತು. ಬಟ್ಟೆಗಳನ್ನು ಅಳತೆಯ ಪ್ರಕಾರ ಏಳು ಹಲಗೆಗಳಲ್ಲಿ ಜೋಡಿಸಿಡುವುದು. ಶನಿವಾರ ಮಧ್ಯಾಹ್ನ ಮಕ್ಕಳು ಸಾಲಾಗಿ ಬಂದು, ತಮ್ಮ ಅಳತೆಯ ಹಲಗೆಯಲ್ಲಿ ಮೇಲೆ ಏನಿದೆಯೋ ಅದನ್ನು ವಾರಕ್ಕಾಗುವಷ್ಟು ತೆಗೆದುಕೊಂಡು ಹೋಗುವುದು. ಮುಂದಿನ ವಾರ ಅದೇ ಅಂಗಿ ಇನ್ಯಾರ ಮೈಮೇಲೋ. ಯಾವ ಬಟ್ಟೆಯೂ ಯಾರದ್ದೂ ಅಲ್ಲ. ಕೊರತೆ ಇರಲಿಲ್ಲ, ಎಲ್ಲವೂ ಶುಭ್ರವಾಗಿದ್ದವು. ಸಾಲು ಮುಗಿಯಲು ಅರ್ಧ ಗಂಟೆ ಸಾಕಾಗುತ್ತಿತ್ತು.

ಎರಡನೆಯ ದಿನ ತೇಪೆಯಕ್ಕ ಒಂದು ಹುಡುಗಿಯನ್ನು ತೋರಿಸಿದಳು. ಏಳು ವರ್ಷದವಳು. ನೀಲಿ ಸ್ವೆಟರು ಹಾಕಿಕೊಂಡಿದ್ದ ಇನ್ನೊಂದು ಹುಡುಗಿಯ ಹಿಂದೆಯೇ ಇವಳು ನಡೆಯುತ್ತಿದ್ದಳು, ಸ್ವೆಟರಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡು. ಊಟಕ್ಕೂ ಹಾಗೇ, ಆಟಕ್ಕೂ ಹಾಗೇ. ಗುಮಾಸ್ತ ನಕ್ಕು ಹೇಳಿದ. ಹಿಂದಿನ ವಾರ ಆ ಸ್ವೆಟರು ಇವಳಿಗೆ ಬಂದಿತ್ತಂತೆ. ಈ ವಾರ ಅವಳಿಗೆ ಹೋಗಿದೆ. ಇವಳು ಬಿಡುತ್ತಿಲ್ಲ. ಎಲ್ಲರೂ ಇವಳನ್ನು ಬಾಲ ಎಂದು ಕರೆಯುತ್ತಾರೆ.

ತೇಪೆಯಕ್ಕ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನಾವು ಊಟದ ಕೋಣೆಯ ಗೋಡೆಗೆ ಬಣ್ಣ ಹಚ್ಚಲು ಹೊರಟಾಗ ತನ್ನ ದಾರದ ಡಬ್ಬಿ ತೆಗೆದಳು.

"ನಮ್ಮ ಆಸ್ಪತ್ರೇಲಿ ಹನ್ನೊಂದು ವಾರ್ಡು. ಒಂದೊಂದು ವಾರ್ಡಿನ ಬೆಡ್‌ಶೀಟಿಗೂ ಒಂದೊಂದು ಗುರುತು, ಮೂಲೇಲಿ ದಾರದಲ್ಲಿ ಹಾಕಿರ್ತೀನಿ. ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್. ಬೆಡ್‌ಶೀಟಿಗೆ ಮನೆ ಇದೆ, ಈ ಮಕ್ಕಳ ಅಂಗಿಗೆ ಇಲ್ವಾ?"

ತಂಡದ ಮುಖ್ಯಸ್ಥರು ಬ್ಯಾಂಕಿನಿಂದ ನಿವೃತ್ತರಾದವರು, ಎಲ್ಲಕ್ಕೂ ವೇಳಾಪಟ್ಟಿ ಮಾಡಿದ್ದರು. "ಅಕ್ಕಾವ್ರೇ, ಬಣ್ಣದ ಕೆಲಸಕ್ಕೆ ನಿಮ್ಮ ಹೆಸರಿದೆ. ಫೋಟೋಲಿ ಒಬ್ಬರು ಕಡಿಮೆ ಆಗ್ತಾರೆ" ಎಂದರು.

"ನನ್ನ ಹಳದಿ ಅಂಗೀನ ಒಂದು ಕುರ್ಚಿಗೆ ಹಾಕಿ ಕೂರಿಸಿ, ಸಾರ್. ನನಗಿಂತ ಚೆನ್ನಾಗಿ ನಗುತ್ತೆ."

ಹತ್ತು ದಿನ ಅವಳು ಬಟ್ಟೆ ಕೋಣೆಯ ಬಾಗಿಲಲ್ಲಿ ಕೂತು ಹೊಲಿದಳು, ಸಂಜೆ ನಾನೂ ಕೂತೆ. ಒಂದೊಂದು ಮಗುವನ್ನೂ ಕರೆದು ಎರಡು ಬಣ್ಣ ಆರಿಸಲು ಹೇಳಿದಳು. ಕಾಲರಿನ ಒಳಗೆ ಚುಕ್ಕಿ, ಗೆರೆ, ಕತ್ತರಿಯಾಕಾರ, ಮೂಲೆಗೆರೆ. ಮಗುವಿಗೊಂದು ಗುರುತು, ಅವರವರ ಬಟ್ಟೆಗೆಲ್ಲ ಅದೇ. ಬಾಲ ನೀಲಿ ಎರಡು ಗೆರೆ, ಹಳದಿ ಒಂದು ಚುಕ್ಕಿ ಆರಿಸಿದಳು. ಮೊದಲು ಹೊಲಿಸಿಕೊಂಡದ್ದು ಆ ಸ್ವೆಟರಿಗೇ. ಇನ್ನೊಂದು ಹುಡುಗಿಗೆ ಕೆಂಪು ಸ್ವೆಟರು ಸಿಕ್ಕಿತು, ಅವಳಿಗೆ ಯಾವುದಾದರೂ ಒಂದೇ.

ಸೋಪಮ್ಮ ನಮ್ಮನ್ನು ದಾಟಿಕೊಂಡು ಬಕೆಟ್ಟು ಹಿಡಿದು ಹೋಗುತ್ತಿದ್ದಳು, ಬರುತ್ತಿದ್ದಳು. ಏನೂ ಹೇಳಲಿಲ್ಲ. ನಾವೂ ಏನೂ ಕೇಳಲಿಲ್ಲ.

ಹೊರಡುವ ದಿನ ಮಕ್ಕಳು ಒಬ್ಬರ ಕಾಲರು ಒಬ್ಬರು ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಹಲವರು ಅತ್ತರು. ವಿಮಾನದಲ್ಲಿ ತೇಪೆಯಕ್ಕ ಕಾಲು ಚಾಚಲಾಗದೆ ಒದ್ದಾಡುತ್ತಲೇ, "ಬಂದಿದ್ದಕ್ಕೆ ಏನೋ ಒಂದಾಯ್ತು ಕಣೇ" ಅಂದಳು. ಅವಳು ಅಷ್ಟು ಸಮಾಧಾನದಿಂದ ಇದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಮರುವರ್ಷ ಮತ್ತೆ ಹೋದೆವು. ಬಟ್ಟೆ ಕೋಣೆಯ ಬಾಗಿಲಲ್ಲಿ ಸೋಪಮ್ಮನನ್ನು ಕಂಡು ಇವಳು ಎರಡೂ ಕೈ ಚಾಚಿದಳು. ಸೋಪಮ್ಮ ಮುಖ ತಿರುಗಿಸಿ ಒಳಗೆ ಹೋದಳು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ನಾನು ಗುಮಾಸ್ತನನ್ನು ಹಿಡಿದು ಕೇಳಿದೆ. ಅವನು ಕತ್ತು ಕೆರೆದುಕೊಂಡು ವಿಷಯ ಹೇಳಿದ.

ಸೋಪಮ್ಮನ ತಾಯಿ ಬೇರೆ ಊರಿನಲ್ಲಿ ಹಾಸಿಗೆ ಹಿಡಿದಿದ್ದಳು. ಸೋಪಮ್ಮನಿಗೆ ವಾರದಲ್ಲಿ ಬಿಡುವು ಶನಿವಾರ ಕೆಲಸ ಮುಗಿದಾಗಿನಿಂದ ಭಾನುವಾರ ಸಂಜೆವರೆಗೆ ಮಾತ್ರ. ಆ ಊರಿಗೆ ಇರುವುದು ನಾಲ್ಕು ಗಂಟೆಯ ಬಸ್ಸು ಒಂದೇ. ಮೊದಲು ಏಳು ಹಲಗೆಗೆ ಬಟ್ಟೆ ಹಾಕಿ ಮೂರೂವರೆಗೆ ಕೈ ಒರೆಸಿಕೊಂಡು ಹೊರಡುತ್ತಿದ್ದಳು. ಈಗ ಒಂದೊಂದು ಅಂಗಿಯ ಕಾಲರನ್ನೂ ತಿರುಗಿಸಿ ನೋಡಿ ನಲವತ್ತಾರು ಗುಡ್ಡೆ ಮಾಡಬೇಕು. ಒಂದು ತಪ್ಪಿದರೆ ಮಗು ಅಳುತ್ತದೆ. ಶನಿವಾರ ಆರು ಗಂಟೆಯಾಗುತ್ತದೆ. ತಿಂಗಳಲ್ಲಿ ಒಂದು ಸಲ, ಯಾರಾದರೂ ದೊಡ್ಡ ಹುಡುಗಿಯರು ಕೈಜೋಡಿಸಿದಾಗ, ಬಸ್ಸು ಸಿಗುತ್ತದೆ. ಗುರುತು ಬೇಡ ಎನ್ನಲು ಮಕ್ಕಳ ಮುಖ ನೋಡಿ ಅವಳಿಗೆ ಬಾಯಿ ಬಂದಿಲ್ಲ.

ಇದನ್ನು ತೇಪೆಯಕ್ಕನಿಗೆ ಹೇಳುವಾಗ ನಾನು ನೆಲ ನೋಡುತ್ತಿದ್ದೆ.

"ಆಸ್ಪತ್ರೇಲಿ ಬರೀ ವಿಂಗಡಿಸೋದಕ್ಕೇ ನಾಲ್ಕು ಜನ ಇದ್ವಿ. ಅದು ನನ್ನ ತಲೆಗೇ ಬರ್ಲಿಲ್ಲ ನೋಡು. ಮೂವತ್ತು ವರ್ಷ ಅದೇ ಕೆಲಸ ಮಾಡಿದವಳು ನಾನು" ಅಂದಳು.

ಮರುದಿನ ಬೆಳಿಗ್ಗೆ ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು ಬಟ್ಟೆ ಕೋಣೆಯಲ್ಲಿ ಕೂತಳು. ತಾನು ಹಾಕಿದ ಗುರುತನ್ನು ತಾನೇ ಬಿಚ್ಚತೊಡಗಿದಳು. ಒಂಬತ್ತು ಮಕ್ಕಳ ಬಟ್ಟೆ ಆಗುವಷ್ಟರಲ್ಲಿ ಬಾಲ ಬಂದಳು. ನೀಲಿ ಸ್ವೆಟರಿನ ತೋಳು ಮೊಣಕೈಗೆ ಏರಿತ್ತು, ಆದರೂ ಬಿಟ್ಟಿರಲಿಲ್ಲ. ನೆಲದ ಮೇಲಿನ ದಾರದ ಚೂರು ನೋಡಿದಳು. ತನ್ನ ಬಟ್ಟೆಯ ಗುಡ್ಡೆ ಹುಡುಕಿ, ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಬಿಟ್ಟಳು. ಅಳಲಿಲ್ಲ, ಕೂಗಲಿಲ್ಲ. ಅಲುಗಾಡಲೂ ಇಲ್ಲ.

ಸೋಪಮ್ಮ ಬಕೆಟ್ಟು ಇಳಿಸಿ ಬಂದು ತೇಪೆಯಕ್ಕನ ಕೈಯಿಂದ ಕೊಕ್ಕೆ ಕಿತ್ತು ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಆಮೇಲೆ ಒಂದೇ ಉಸಿರಿಗೆ ಏನೇನೋ ಬಯ್ದಳು. ಗುಮಾಸ್ತ ಓಡಿ ಬಂದ. ಅವನು ಹೇಳಿದ್ದು, ನಾನು ಇವಳಿಗೆ ಹೇಳಿದ್ದು ಇಷ್ಟು:

"ಹೋದ ವರ್ಷ ನನ್ನನ್ನ ಕೇಳದೆ ಹೊಲಿದ್ಳು. ಈ ವರ್ಷ ನನ್ನನ್ನ ಕೇಳದೆ ಬಿಚ್ತಿದಾಳೆ. ಇವಳಿಗೆ ಬಾಯಿಲ್ವಾ?"

ತೇಪೆಯಕ್ಕ ನನ್ನ ಕಡೆ ತಿರುಗಿ, "ಅವಳಿಗೆ ಏನು ಬೇಕು ಕೇಳು" ಅಂದಳು.

"ನಾಲ್ಕು ಗಂಟೆ ಬಸ್ಸು," ಅಂದಳು ಸೋಪಮ್ಮ. "ಮಕ್ಕಳ ಗುರುತು ತೆಗೀಬೇಡ. ನನ್ನ ಬಸ್ಸು ನನಗೆ ಕೊಡು."

ಆ ಶನಿವಾರ ತೇಪೆಯಕ್ಕ, ನಾನು, ತಂಡದ ಇನ್ನಿಬ್ಬರು ಹೆಂಗಸರು ಸೇರಿ ವಿಂಗಡಿಸಿದೆವು. ಮೂರೂವರೆಗೆ ಸೋಪಮ್ಮ ಕೈ ಒರೆಸಿಕೊಂಡು, ತಿರುಗಿ ನೋಡದೆ ಹೋದಳು. ಆದರೆ ನಾವು ಅಲ್ಲಿರುವುದು ಎರಡು ಶನಿವಾರ. ವರ್ಷದಲ್ಲಿ ಉಳಿದ ಐವತ್ತಕ್ಕೆ ಯಾರು?

ವಾಪಸು ಬರುವಾಗ ತೇಪೆಯಕ್ಕ ಕಿಟಕಿಯ ಕಡೆ ನೋಡುತ್ತ ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡಳು. "ನರ್ಸುಗಳ ಕಾಲುಚೀಲ!"

"ಏನೇ ಅದು?"

"ಅವನ್ನ ನಾವು ವಿಂಗಡಿಸ್ತಾನೇ ಇರ್ಲಿಲ್ಲ ಕಣೇ. ಒಬ್ಬೊಬ್ರಿಗೆ ಒಂದು ಬಲೆ ಚೀಲ. ಚೀಲದಲ್ಲೇ ಮಷೀನಿಗೆ, ಚೀಲದಲ್ಲೇ ಡ್ರಮ್ಮಿಗೆ, ಚೀಲದಲ್ಲೇ ವಾಪಸ್. ಗುರುತು ಅಂಗಿ ಮೇಲಲ್ಲ, ಚೀಲದ ಮೇಲೆ ಇದ್ರೆ ಸಾಕು. ಮಗು ತನ್ನ ಚೀಲಕ್ಕೆ ತಾನೇ ತುಂಬುತ್ತೆ, ಗೋಡೆ ಮೊಳೆಯಿಂದ ತಾನೇ ತಗೊಳ್ಳುತ್ತೆ."

ಅದೇ ವರ್ಷ ಅವಳು ಕೆಲಸದಿಂದ ನಿವೃತ್ತಳಾದಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಸೊಳ್ಳೆಪರದೆಯ ಬಟ್ಟೆಯಲ್ಲಿ ನಲವತ್ತಾರು ಚೀಲ ಹೊಲಿದಳು. ಬಾಯಿಗೆ ಎಳೆದು ಕಟ್ಟುವ ದಾರ, ತಳದಲ್ಲಿ ಆ ಮಗುವಿನ ಗುರುತು. ಮೂರನೆಯ ವರ್ಷ ಚೀಲಗಳನ್ನು ಹೊತ್ತುಕೊಂಡು ಹೋದೆವು. ಮೊದಲ ಸುತ್ತಿಗೇ ಹನ್ನೊಂದು ಚೀಲ ಹರಿದವು. ಮಷೀನಿನ ಬಾಗಿಲು ತೆರೆದರೆ ನಲವತ್ತು ಕಾಲುಚೀಲ ಒಟ್ಟಿಗೆ ನೆಲಕ್ಕೆ ಸುರಿದವು. ತೇಪೆಯಕ್ಕ ನೆಲದ ಮೇಲೆ ಕುಸಿದು ಕೂತಳು. ಸೋಪಮ್ಮ ಅವಳನ್ನೂ ಕಾಲುಚೀಲಗಳನ್ನೂ ನೋಡಿ ನಗಲು ಶುರು ಮಾಡಿದವಳು ಗೋಡೆ ಹಿಡಿದುಕೊಂಡು ನಕ್ಕಳು. ಅವತ್ತಿನಿಂದ ಅವರಿಬ್ಬರಿಗೆ ನಾನೂ ಬೇಕಾಗಲಿಲ್ಲ, ಗುಮಾಸ್ತನೂ ಬೇಕಾಗಲಿಲ್ಲ.

ನಾಲ್ಕನೆಯ ವರ್ಷ ಗಟ್ಟಿ ಬಲೆ ಸಿಕ್ಕಿತು. ದಪ್ಪ ಪರದೆಗೆ ಹಾಕುವಂಥದ್ದು, ಎರಡು ಸುತ್ತು ಹೊಲಿಗೆ. ಗೋಡೆಗೆ ನಲವತ್ತಾರು ಮೊಳೆ ಹೊಡೆಸಿದಳು. ಆ ಶನಿವಾರ ಎರಡೂ ಮುಕ್ಕಾಲಿಗೆ ಬಟ್ಟೆ ಕೋಣೆ ಖಾಲಿಯಾಯಿತು. ಇನ್ನೂ ಸಮಯವಿದೆಯಲ್ಲ ಎಂದು ಸೋಪಮ್ಮ ಏನು ಮಾಡಬೇಕೆಂದು ತೋಚದೆ ಮೇಜು ಒರೆಸಿದಳು, ಮತ್ತೆ ಒರೆಸಿದಳು. ಕೊನೆಗೆ ತೇಪೆಯಕ್ಕನೇ ಅವಳ ಏಪ್ರನ್ನು ಬಿಚ್ಚಿ, "ಹೋಗೇ ತಾಯಿ" ಎಂದು ಬೆನ್ನ ಮೇಲೆ ತಳ್ಳಿದಳು. ಕನ್ನಡದಲ್ಲೇ ಹೇಳಿದಳು. ಸೋಪಮ್ಮ ಹೋದಳು.

ಆಮೇಲಿನ ವರ್ಷಗಳನ್ನು ಹೇಳುವುದು ಕಷ್ಟ, ಹೇಳುವಂಥದ್ದೇನೂ ಇಲ್ಲ. ಚೀಲ ಹರಿಯುತ್ತಿದ್ದವು. ದಾರ ಸವೆಯುತ್ತಿತ್ತು. ಮಕ್ಕಳು ದೊಡ್ಡವರಾಗಿ ಹೋಗುತ್ತಿದ್ದರು, ಚಿಕ್ಕವರು ಬರುತ್ತಿದ್ದರು, ಬಂದವರಿಗೆಲ್ಲ ಒಂದು ಗುರುತು, ಒಂದು ಚೀಲ. ಪ್ರತಿವರ್ಷ ಅದೇ ವಿಮಾನ, ಅದೇ ಊದಿದ ಕಾಲು. ತಂಡದವರು ಪ್ರತಿವರ್ಷ ಊಟದ ಕೋಣೆಯ ಅದೇ ಗೋಡೆಗೆ ಬಣ್ಣ ಹಚ್ಚುತ್ತಿದ್ದರು. ಬಣ್ಣದ ಮೇಲೆ ಬಣ್ಣ ಕೂತು ಕಿಟಕಿ ಮುಚ್ಚಲಾಗದಂತಾಯಿತು. "ಇನ್ನೊಂದು ಹತ್ತು ವರ್ಷ ಬನ್ನಿ, ಕೋಣೆ ಪೂರ್ತಿ ತುಂಬುತ್ತೆ" ಎಂದು ಸೋಪಮ್ಮ ಹೇಳಿದಳೆಂದು ತೇಪೆಯಕ್ಕ ಬಂದು ಹೇಳುತ್ತಿದ್ದಳು. ನನಗೆ ಐದನೆಯ ವರ್ಷಕ್ಕೇ ಸಾಕಾಯಿತು, ನಿಲ್ಲಿಸಿದೆ. ಅವಳು ನಿಲ್ಲಿಸಲಿಲ್ಲ.

ಒಂದು ಸಲ ಕೇಳಿದೆ. "ಅಲ್ಲಿ ಬೇರೆ ಯಾರಿಗೂ ಸೂಜಿ ಹಿಡಿಯೋಕೆ ಬರಲ್ವಾ? ನೀನೇ ಯಾಕೆ ಸಾಯ್ತೀಯ?"

"ಬರುತ್ತೆ. ಸಣ್ಣಪುಟ್ಟದ್ದೆಲ್ಲ ಅವಳೇ ಹಾಕ್ಕೋತಾಳೆ. ಆದ್ರೆ ಅವಳನ್ನ ಕೇಳದೆ ಅವಳ ತಲೆ ಮೇಲೆ ಕೆಲಸ ಹೊರಿಸಿದ್ದು ಅವರ್ಯಾರೂ ಅಲ್ಲ, ನಾನು."

"ಅದನ್ನ ಸರಿ ಮಾಡಿಯಾಯ್ತಲ್ಲ."

"ತೇಪೆ ಹಾಕಿದ್ದೀನಿ ಕಣೇ. ತೇಪೇನ ನೋಡಿಕೊಳ್ತಾ ಇರಬೇಕು."

ಎರಡು ವರ್ಷದ ಹಿಂದೆ ಡಾಕ್ಟರು ಪ್ರಯಾಣ ಬೇಡವೆಂದರು. ಅಂದಿನಿಂದ ಚೀಲಗಳನ್ನು ಮನೆಯಲ್ಲೇ ಹೊಲಿದು ತಂಡದವರ ಕೈಯಲ್ಲಿ ಕಳಿಸುತ್ತಿದ್ದಳು. ಪ್ರತಿ ಶನಿವಾರ ಸೋಪಮ್ಮನಿಂದ ಫೋನಿಗೆ ಒಂದು ಫೋಟೋ ಬರುತ್ತಿತ್ತು. ಬರೀ ಬಸ್ಸಿನ ಕಿಟಕಿ. ಮುಖವಿಲ್ಲ, ಮಾತಿಲ್ಲ. ಅದನ್ನು ನೋಡಿ ಇವಳು "ಹ್ಞಾಂ, ಕೂತ್ಳು" ಎಂದು ಫೋನು ಪಕ್ಕಕ್ಕಿಡುತ್ತಿದ್ದಳು. ಸೋಪಮ್ಮನ ತಾಯಿ ಇನ್ನೂ ಇದ್ದಾಳೆ. ಎಂಬತ್ತೊಂಬತ್ತು ವರ್ಷವಂತೆ. ಮಗಳ ಕೈಯನ್ನು ಮೂಸಿ ಸೋಪಿನ ವಾಸನೆಯಿಂದಲೇ ಗುರುತು ಹಿಡಿಯುತ್ತಾಳಂತೆ.

ಹೋದ ಶನಿವಾರ ಕಿಟಕಿಯ ಫೋಟೋ ಬರಲಿಲ್ಲ. ಭಾನುವಾರ ಆರಾಧನೆ ಮುಗಿಸಿ ನಾನು ಹೋದಾಗ ಅವಳು ಮಂಚದ ಮೇಲೆ ಫೋನು ಹಿಡಿದುಕೊಂಡು ಕೂತಿದ್ದಳು. ಊದಿಕೊಂಡ ಪಾದಗಳ ಕೆಳಗೆ ಎರಡು ದಿಂಬು. ಅಷ್ಟರಲ್ಲಿ ಗುಮಾಸ್ತ ವಿಷಯ ಬರೆದು ಕಳಿಸಿದ್ದ, ನಾನು ಓದಿ ಹೇಳಿದೆ. ಒಂದು ಹಳೆಯ ಚೀಲ ಮಷೀನಿನೊಳಗೆ ಹರಿದು, ಅದರ ದಾರ ಒಳಗಿನ ಡ್ರಮ್ಮಿಗೆ ಸುತ್ತಿಕೊಂಡು ಮಷೀನು ನಿಂತಿದೆ. ಅರ್ಧ ಬಟ್ಟೆ ಕೈಯಲ್ಲಿ ಒಗೆಯಬೇಕಾಯಿತು. ಬಸ್ಸು ತಪ್ಪಿತು. ಇನ್ನೊಂದು ವಿಷಯ, ಬಾಲಳಿಗೆ ಹದಿನೆಂಟು ತುಂಬಿತು. ಬೇಕರಿಯೊಂದರಲ್ಲಿ ಕೆಲಸಕ್ಕೆ ಸೇರಿ ಹೊರಗೆ ಹೋದಳು. ಅವಳಿಗೆ ಪೆಟ್ಟಿಗೆ ಕೊಟ್ಟರೂ ಒಲ್ಲೆ ಎಂದು, ಬಟ್ಟೆಯನ್ನೆಲ್ಲ ತನ್ನ ಚೀಲದಲ್ಲೇ ತುಂಬಿಕೊಂಡು ಹೋಗಿದ್ದಾಳೆ. ಅವಳ ಹಾಸಿಗೆಗೆ ನಾಲ್ಕು ವರ್ಷದ ಹೊಸ ಹುಡುಗಿ ಬಂದಿದ್ದಾಳೆ. ಆ ಮೊಳೆಗೆ ಚೀಲವಿಲ್ಲ.

"ಎರಡು ಚೀಲ," ಅಂದಳು ತೇಪೆಯಕ್ಕ. "ತಂಡ ಹೊರಡೋದು ಬುಧವಾರ ಅಲ್ವಾ? ಆ ಮಗು ಯಾವ ಬಣ್ಣ ಆರಿಸ್ತಂತೆ, ಕೇಳು."

"ಮುಂದಿನ ವರ್ಷ ಕಳಿಸಿದ್ರಾಯ್ತು, ಮಲಗು."

"ಟೀಚರಮ್ಮ, ನಿನ್ನನ್ನ ಕೇಳಲಿಲ್ಲ ನಾನು. ಅವನನ್ನ ಕೇಳು."

ಕೇಳಿದೆ. ಹಸಿರು, ಹಸಿರು. ಎರಡೂ ಹಸಿರೇ ಬೇಕಂತೆ.

ಸೋಮವಾರ ನಾನು ಬಲೆ ಕತ್ತರಿಸಿ ಕೊಟ್ಟೆ. ಅವಳಿಗೆ ಯಂತ್ರ ತುಳಿಯಲು ಆಗುತ್ತಿರಲಿಲ್ಲ, ಕೈಯಲ್ಲೇ ಹೊಲಿದಳು. ಐದು ಹೊಲಿಗೆ ಹಾಕಿ ಉಸಿರು ತೆಗೆದುಕೊಳ್ಳುವಳು, ಮತ್ತೆ ಐದು. ನಾನು ಕೈ ಚಾಚಿದರೆ ಕೊಡಲಿಲ್ಲ, ನನ್ನ ಹೊಲಿಗೆ ಮಷೀನಿನಲ್ಲಿ ಎರಡು ವಾರ ನಿಲ್ಲುವುದಿಲ್ಲ ಎಂದಳು. ಅದು ನಿಜ. ಸಂಜೆಗೆ ಒಂದು ಚೀಲ ಮುಗಿಯಿತು. ಎರಡನೆಯದಕ್ಕೆ ತಳದ ಗುರುತು, ಬಾಯಿಯ ದಾರ ಬಾಕಿ ಇತ್ತು. ನಾಳೆ ಬರ್ತೀನಿ ಎಂದು ಹೇಳಿ ನಾನು ಮನೆಗೆ ಬಂದೆ.

ಮುಂದಿನದನ್ನು ತಂಗಿಯ ಮಗಳು ಹೇಳಿದ್ದು. ಮಂಗಳವಾರ ಆರೂವರೆಗೇ ಎದ್ದು ದಿಂಬಿಗೆ ಒರಗಿ ಕೂತಳಂತೆ. ಹಸಿರು ದಾರದಲ್ಲಿ ಎರಡು ಗೆರೆ ಹಾಕಿದಳು, ಪಕ್ಕದಲ್ಲಿ ಹಸಿರಲ್ಲೇ ಒಂದು ಚುಕ್ಕಿ. ಬಾಯಿಗೆ ದಾರ ಪೋಣಿಸಿ ಗಂಟು ಹಾಕಿದಳು. ಉಳಿದ ದಾರ ಡ್ರಮ್ಮಿಗೆ ಸುತ್ತಿಕೊಳ್ಳಬಾರದೆಂದು ಗಂಟಿನ ಬುಡಕ್ಕೇ ಹಲ್ಲಿನಲ್ಲಿ ಕತ್ತರಿಸಿದಳು. ಚಹಾ ತಂದುಕೊಟ್ಟರೆ, "ಇರು, ಇದೊಂದು ನೋಡ್ಬಿಡ್ತೀನಿ" ಅಂದಳು. ಚೀಲದೊಳಗೆ ಮುಷ್ಟಿ ತೂರಿಸಿ, ತಳವನ್ನು ನಾಲ್ಕೂ ಕಡೆ ಜೋರಾಗಿ ಎಳೆದು ನೋಡಿದಳು. ಹೊಲಿಗೆ ಬಿಡಲಿಲ್ಲ. ಅದನ್ನು ಮಡಿಸಿ ಮೊದಲ ಚೀಲದ ಮೇಲಿಟ್ಟು, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು.